ಮುಂದೂಡಿದ ಮದುವೆ, ಮುಂದೂಡದ ಸಂದೇಶ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಐದಾರು ಮಂದಿ ಸೇರಿ ನಡೆಸುವ ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಡೆದ ಪ್ರಕರಣವಿದು. ಸಂಸ್ಥೆಯ ಹೆಸರು, ಊರು ಮತ್ತು ಗ್ರಾಹಕರ ಗುರುತುಗಳನ್ನು ಬಿಟ್ಟಿದ್ದೇನೆ; ದಿನಾಂಕಗಳನ್ನು ಮತ್ತು ಕುಟುಂಬಗಳ ವಿವರಗಳನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಎರಡನೆಯ ಅವಘಡದ ನಂತರ, ಹೊರಗಿನವನಾಗಿ ಒಮ್ಮೆ ನೋಡಿಕೊಡಿ ಎಂದು ಅವರು ನನ್ನನ್ನು ಕರೆದಿದ್ದರು. ಮೂರನೆಯದು ನಾನು ಅಲ್ಲಿರುವಾಗಲೇ ನಡೆಯಿತು.

ಸಂಸ್ಥೆಯ ಉತ್ಪನ್ನ ಕಲ್ಯಾಣ ಮಂಟಪಗಳ ಕಾಯ್ದಿರಿಸುವಿಕೆಯನ್ನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್. ಮದುವೆ ಗೊತ್ತಾದ ಮನೆಯವರು ಮಂಟಪದ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ ಅಥವಾ ನೇರವಾಗಿ ವೆಬ್‌ಸೈಟಿನಲ್ಲಿ ತಾರೀಖು ಹಿಡಿಯುತ್ತಾರೆ. ಹಿಡಿದ ತಾರೀಖು 48 ಗಂಟೆ ಅವರ ಹೆಸರಿನಲ್ಲಿರುತ್ತದೆ; ಅಷ್ಟರೊಳಗೆ ಮುಂಗಡ ಕಟ್ಟದಿದ್ದರೆ ತಾರೀಖು ಬೇರೆಯವರಿಗೆ ಬಿಡುಗಡೆಯಾಗಬೇಕು. ಮುಂಗಡ ಕಟ್ಟಿದವರಿಗೆ ಮದುವೆಗೆ 15 ದಿನ ಮುಂಚೆ ಬಾಕಿ ಹಣದ ನೆನಪಿನ ಸಂದೇಶ ಹೋಗಬೇಕು. ಹಿಂದಿನ ದಿನ, ಅಂದರೆ ವರಪೂಜೆಯ ಸಂಜೆಗೆ ಬೀಗದ ಕೈ, ಜನರೇಟರಿನ ಡೀಸೆಲ್, ಅಡುಗೆಮನೆಯ ಪಾತ್ರೆಗಳ ಪಟ್ಟಿ ಇವುಗಳ ಬಗ್ಗೆ ಮ್ಯಾನೇಜರ್‌ಗೂ ಕುಟುಂಬಕ್ಕೂ ಒಂದೊಂದು ಸಂದೇಶ ಹೋಗಬೇಕು.

ಇವೆಲ್ಲವೂ ಒಂದೇ ಜಾತಿಯ ಕೆಲಸಗಳು: ಈಗ ಒಪ್ಪಿಕೊಂಡು, ಮುಂದೆ ಗೊತ್ತಾದ ಒಂದು ಗಳಿಗೆಯಲ್ಲಿ, ಒಂದೇ ಒಂದು ಸಲ ಮಾಡಬೇಕಾದವು. ಪ್ರತಿ ಗಂಟೆಗೆ, ಪ್ರತಿ ಸೋಮವಾರಕ್ಕೆ ಎಂದು ಮರುಕಳಿಸುವ ಕೆಲಸಗಳಿಗೆ ಯುನಿಕ್ಸ್ ಲೋಕದಲ್ಲಿ 1970ರ ದಶಕದಿಂದಲೂ ಕ್ರಾನ್ ಇದೆ. ಒಂದೇ ಸಲದ ಕೆಲಸಕ್ಕೆ ಅಷ್ಟೇ ಹಳೆಯ ಆ್ಯಟ್ ಎಂಬ ಆಜ್ಞೆಯೂ ಇದೆ. ಆದರೆ ವೆಬ್ ಅಪ್ಲಿಕೇಶನ್ನಿನ ಒಳಗಿಂದ, ಸಾವಿರಾರು ಬೇರೆಬೇರೆ ಗಳಿಗೆಗಳಿಗೆ, ನಡುವೆ ರದ್ದಾಗಬಹುದಾದ, ದಿನ ಬದಲಾಗಬಹುದಾದ ಕೆಲಸಗಳನ್ನು ನಿಗದಿ ಮಾಡುವುದು ಬೇರೆಯೇ ಬಗೆಯ ಸಮಸ್ಯೆ. ಹೊರಗಿನಿಂದ ನೋಡುವವರಿಗೆ ಅದು ಅಲಾರಂ ಇಟ್ಟಷ್ಟು ಸುಲಭವಾಗಿ ಕಾಣುತ್ತದೆ. ತಂಡಕ್ಕೂ ಮೊದಲು ಹಾಗೆಯೇ ಕಂಡಿತ್ತು.

ಮೊದಲ ಏರ್ಪಾಡು

ಅಪ್ಲಿಕೇಶನ್ ಪೈಥಾನ್‌ನ ಜ್ಯಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿತ್ತು, ಡೇಟಾಬೇಸ್ ಪೋಸ್ಟ್‌ಗ್ರೆಸ್, ಹಿನ್ನೆಲೆಯ ಕೆಲಸಗಳನ್ನು ನಡೆಸಲು ಸೆಲರಿ ಎಂಬ ತಂತ್ರಾಂಶ, ಮಾಡಬೇಕಾದ ಆ ಕೆಲಸಗಳ ಸರದಿಯನ್ನು ಇಟ್ಟುಕೊಳ್ಳಲು ರೆಡಿಸ್. ಸೆಲರಿಯಲ್ಲಿ ಯಾವ ಕೆಲಸಕ್ಕೂ ‘ಇಂಥ ಗಳಿಗೆಗೆ ನಡೆಸು’ ಎಂದು ಇಟಿಎ ಎಂಬ ಸಮಯವನ್ನು ಕೊಡಬಹುದು. ತಂಡ ಮಾಡಿದ್ದೂ ಅದನ್ನೇ. ಮುಂಗಡ ಕಟ್ಟಿದ ತಕ್ಷಣ, ಮದುವೆಯ ದಿನದಿಂದ 15 ದಿನ ಹಿಂದಕ್ಕೆ ಎಣಿಸಿ, ಆ ಗಳಿಗೆಯನ್ನು ಇಟಿಎ ಆಗಿ ಕೊಟ್ಟು, ಕಳುಹಿಸಬೇಕಾದ ಸಂದೇಶದ ಪೂರ್ತಿ ಪಠ್ಯವನ್ನೂ ಬಾಕಿ ಮೊತ್ತವನ್ನೂ ಸೇರಿಸಿ ಸರದಿಗೆ ಹಾಕಿಬಿಡುತ್ತಿದ್ದರು. ಪರೀಕ್ಷೆಯನ್ನು ಎರಡು ನಿಮಿಷದ ಅಂತರವಿಟ್ಟು ಮಾಡಿದ್ದರು. ಎರಡು ನಿಮಿಷವಾದ ಮೇಲೆ ಸಂದೇಶ ಬಂದಿತ್ತು, ಎಲ್ಲರಿಗೂ ತೃಪ್ತಿಯಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎರಡು ನಿಮಿಷ ಕಾಯುವ ಕೆಲಸ ಮತ್ತು ಎಂಟು ತಿಂಗಳು ಕಾಯುವ ಕೆಲಸ ಎರಡನ್ನೂ ಕೋಡ್‌ನ ಅದೇ ಒಂದು ಸಾಲು ಹೇಳುತ್ತದೆ, ಆದರೆ ಅವುಗಳ ಬಾಳಿಕೆ ಒಂದೇ ಅಲ್ಲ. ಎರಡು ನಿಮಿಷದಲ್ಲಿ ಸರ್ವರ್ ಬಹುಶಃ ಬೀಳುವುದಿಲ್ಲ, ಹೊಸ ಆವೃತ್ತಿ ಏರುವುದಿಲ್ಲ, ಮದುವೆ ಮುಂದೆ ಹೋಗುವುದಿಲ್ಲ. ಎಂಟು ತಿಂಗಳಲ್ಲಿ ಇವು ಮೂರೂ ಆಗುತ್ತವೆ, ಮೂರೂ ಈ ಪ್ರಕರಣದಲ್ಲಿ ಆದವು.

ಹನ್ನೊಂದು ಸಂದೇಶಗಳು

ಮೊದಲ ದೂರು ಬಂದದ್ದು ಹೊಸದಾಗಿ ಸೇರಿಸಿದ ಒಂದು ಚಿಕ್ಕ ಅನುಕೂಲದಿಂದ. ರಾತ್ರಿ ಹೊತ್ತು ಕಾಯ್ದಿರಿಸಿದವರಿಗೆ ಆಗಲೇ ಸಂದೇಶ ಕಳುಹಿಸುವುದು ಬೇಡ, ಬೆಳಿಗ್ಗೆ 8 ಗಂಟೆಗೆ ಕಳುಹಿಸೋಣ ಎಂದು ತಂಡ ತೀರ್ಮಾನಿಸಿತ್ತು. ಒಂದು ರಾತ್ರಿ 9ರ ಸುಮಾರಿಗೆ ತಾರೀಖು ಹಿಡಿದ ಹುಡುಗಿಯ ತಂದೆಯ ಫೋನಿಗೆ ಬೆಳಿಗ್ಗೆ 8ಕ್ಕೆ ಒಂದೇ ಸಂದೇಶ 11 ಸಲ ಬಂದಿತು. ಅವರು ಕಳುಹಿಸಿದ ಸ್ಕ್ರೀನ್‌ಶಾಟ್ ನಾನೂ ನೋಡಿದ್ದೇನೆ: ‘ನಿಮ್ಮ ತಾರೀಖನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲು ಪರದೆಯ ಮೇಲಿಂದ ಕೆಳಗಿನವರೆಗೆ, ಎಲ್ಲದರ ಪಕ್ಕದಲ್ಲೂ 8:00 ಎಂಬ ಸಮಯ.

ಎಸ್‌ಎಂಎಸ್‌ಗಳನ್ನು ಫೋನುಗಳಿಗೆ ತಲುಪಿಸುವ ಗೇಟ್‌ವೇ ಸೇವೆಯವರದೇ ತಪ್ಪು ಎಂದು ತಂಡ ಮೊದಲು ಅವರೊಂದಿಗೆ ಪತ್ರ ವ್ಯವಹಾರ ನಡೆಸಿತು. ಕಾರಣವನ್ನು ಕಂಡುಹಿಡಿದದ್ದು ತಂಡದ ಅತಿ ಕಿರಿಯ ಸದಸ್ಯೆ. ರಾತ್ರಿ 9ರಿಂದ ಬೆಳಿಗ್ಗೆ 8ಕ್ಕೆ 11 ಗಂಟೆ, ಬಂದ ಸಂದೇಶಗಳೂ 11. ಗಂಟೆಗೊಂದರಂತೆ ಏನೋ ಹುಟ್ಟುತ್ತಿದೆ ಎಂದು ಆಕೆ ಹೇಳಿದ ಮೇಲೆ ಹುಡುಕುವ ಜಾಗ ಬದಲಾಯಿತು.

ಸೆಲರಿಯ ವರ್ಕರ್, ಅಂದರೆ ಸರದಿಯಿಂದ ಕೆಲಸ ಎತ್ತಿಕೊಂಡು ನಡೆಸುವ ಪ್ರೋಗ್ರಾಂ, ಇಟಿಎ ಇರುವ ಕೆಲಸವನ್ನು ಸರದಿಯಲ್ಲೇ ಬಿಟ್ಟು ಕಾಯುವುದಿಲ್ಲ. ತನ್ನ ಸ್ಮೃತಿಗೆ ಎಳೆದುಕೊಂಡು ಅಲ್ಲಿ ಕಾಯುತ್ತದೆ. ಕೆಲಸ ಶುರುವಾಗುವವರೆಗೂ ‘ಸ್ವೀಕರಿಸಿದೆ’ ಎಂಬ ರಸೀದಿಯನ್ನು ರೆಡಿಸ್‌ಗೆ ಕೊಡುವುದಿಲ್ಲ. ರೆಡಿಸ್ ಬಳಸುವಾಗ ವಿಸಿಬಿಲಿಟಿ ಟೈಮ್‌ಔಟ್ ಎಂಬ ಒಂದು ಮಿತಿ ಇರುತ್ತದೆ. ಯಾರೂ ಬದಲಿಸದಿದ್ದರೆ ಅದು 1 ಗಂಟೆ. ಅಷ್ಟರಲ್ಲಿ ರಸೀದಿ ಬರದಿದ್ದರೆ, ಆ ವರ್ಕರ್ ಸತ್ತಿರಬೇಕು ಎಂದು ಭಾವಿಸಿ ಅದೇ ಕೆಲಸವನ್ನು ಮತ್ತೆ ಸರದಿಗೆ ಹಾಕಲಾಗುತ್ತದೆ. ಮತ್ತೊಂದು ಪ್ರತಿಯನ್ನು ಯಾವುದೋ ವರ್ಕರ್ ಎತ್ತಿಕೊಳ್ಳುತ್ತದೆ, ಅದೂ ಕಾಯುತ್ತದೆ. 8 ಗಂಟೆಯಾದಾಗ ಅಲ್ಲಿಯವರೆಗೆ ಹುಟ್ಟಿದ ಪ್ರತಿಗಳೆಲ್ಲವೂ ಒಟ್ಟಿಗೆ ಎದ್ದವು. ಇದು ಸೆಲರಿಯ ಕೈಪಿಡಿಯಲ್ಲೇ ಎಚ್ಚರಿಕೆಯಾಗಿ ಬರೆದಿರುವ ಸಂಗತಿ. ತಂಡದಲ್ಲಿ ಯಾರೂ ಆ ಪುಟದವರೆಗೆ ಹೋಗಿರಲಿಲ್ಲ. ಹಾಗಾದರೆ 48 ಗಂಟೆಯ ಬಿಡುಗಡೆಯ ಕೆಲಸದಲ್ಲಿ ಇದು ಯಾಕೆ ಕಾಣಿಸಲಿಲ್ಲ? ಅದೂ ಹತ್ತಾರು ಸಲ ನಡೆಯುತ್ತಲೇ ಇತ್ತು. ಒಮ್ಮೆ ಬಿಡುಗಡೆಯಾದ ತಾರೀಖನ್ನು ಮತ್ತೆ ಬಿಡುಗಡೆ ಮಾಡಿದರೆ ಏನೂ ಆಗುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಪರಿಹಾರವಾಗಿ ಆ ಮಿತಿಯನ್ನು 1 ಗಂಟೆಯಿಂದ 1 ವರ್ಷಕ್ಕೆ, ಅಂದರೆ 3,15,36,000 ಸೆಕೆಂಡಿಗೆ ಏರಿಸಿದರು. ಒಂದು ಸಾಲಿನ ಬದಲಾವಣೆ. ಪ್ರತಿಗಳು ಹುಟ್ಟುವುದು ನಿಂತಿತು. ಈ ಪ್ರಕರಣದ ಅತ್ಯಂತ ದುಬಾರಿ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ. 1 ಗಂಟೆ ಎಂಬ ಅಂಕಿ ಅಲ್ಲಿದ್ದದ್ದು ಒಂದು ರಕ್ಷಣೆಯಾಗಿ. ಅದನ್ನು ತೊಂದರೆ ಎಂದು ತಿಳಿದು ಕಿತ್ತುಹಾಕಿದಾಗ, ಅದು ಯಾವುದರಿಂದ ರಕ್ಷಿಸುತ್ತಿತ್ತೋ ಆ ಅಪಾಯಕ್ಕೆ ಬಾಗಿಲು ತೆರೆದಂತಾಯಿತು.

ಯಾರದೂ ಅಲ್ಲದ ತಾರೀಖು

ಕಾಯುವ ಕೆಲಸಗಳೆಲ್ಲ ವರ್ಕರ್‌ನ ಸ್ಮೃತಿಯಲ್ಲಿ ಇರುತ್ತವೆ ಎಂದೆನಲ್ಲ, ಮಂಟಪಗಳ ಸಂಖ್ಯೆ ಏರಿದಂತೆ ಅವೂ ಏರಿದವು. ಒಂದು ಸಂಜೆ ಸರ್ವರ್‌ನಲ್ಲಿ ಮೆಮೊರಿ ಸಾಲದೆ ಅದರ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಆ ವರ್ಕರ್ ಅನ್ನು ಕೊಂದುಹಾಕಿತು. ಉಸ್ತುವಾರಿ ಪ್ರೋಗ್ರಾಂ ಕೆಲವೇ ಸೆಕೆಂಡಿನಲ್ಲಿ ಹೊಸ ವರ್ಕರ್ ಅನ್ನು ಎಬ್ಬಿಸಿತು, ಡ್ಯಾಶ್‌ಬೋರ್ಡಿನಲ್ಲಿ ಎಲ್ಲವೂ ಹಸಿರಾಗಿಯೇ ಇತ್ತು. ಹೇಳಿ ನಿಲ್ಲಿಸಿದ ವರ್ಕರ್ ತನ್ನ ಕೈಯಲ್ಲಿದ್ದ ಕೆಲಸಗಳನ್ನು ಸರದಿಗೆ ಹಿಂತಿರುಗಿಸಿ ಹೋಗುತ್ತದೆ. ಕೊಲ್ಲಲ್ಪಟ್ಟದ್ದಕ್ಕೆ ಆ ಅವಕಾಶವಿರುವುದಿಲ್ಲ. ಅದರ ಕೈಯಲ್ಲಿದ್ದ ಕೆಲಸಗಳು ರೆಡಿಸ್‌ನಲ್ಲಿ ‘ಯಾರೋ ಒಯ್ದಿದ್ದಾರೆ, ರಸೀದಿ ಬಂದಿಲ್ಲ’ ಎಂಬ ಪಟ್ಟಿಯಲ್ಲಿ ಉಳಿದವು. ಹಿಂದಿನ ಮಿತಿ ಇದ್ದಿದ್ದರೆ ಗಂಟೆಯೊಳಗೆ ಅವು ಮರಳಿ ಬರುತ್ತಿದ್ದವು. ಈಗ ಬರಬೇಕಾದದ್ದು 1 ವರ್ಷದ ಮೇಲೆ.

ಇದು ಬೆಳಕಿಗೆ ಬಂದದ್ದು ಒಂಬತ್ತು ದಿನಗಳ ನಂತರ. ವೈಶಾಖದ ಒಂದು ಒಳ್ಳೆಯ ಮುಹೂರ್ತದ ತಾರೀಖನ್ನು ಒಬ್ಬರು ಹಿಡಿದು, ಮುಂಗಡ ಕಟ್ಟದೆ ಬಿಟ್ಟಿದ್ದರು. 48 ಗಂಟೆಯ ಬಿಡುಗಡೆ ನಡೆಯಲೇ ಇಲ್ಲ. ಅಷ್ಟರಲ್ಲಿ ಎರಡು ಕುಟುಂಬಗಳು ಅದೇ ದಿನವನ್ನು ಕೇಳಿ, ‘ಹಿಡಿದಿದೆ’ ಎಂಬ ಉತ್ತರ ಪಡೆದು ಹೋಗಿದ್ದವು. ಮ್ಯಾನೇಜರ್ ಕೊನೆಗೆ ಮೊದಲಿನವರಿಗೆ ಫೋನ್ ಮಾಡಿ ಮುಂಗಡ ಕೇಳಿದಾಗ, ‘ನಾವು ಬೇರೆ ಛತ್ರ ನೋಡಿಕೊಂಡು ವಾರವಾಯಿತಲ್ಲ’ ಎಂದರು. ಮಂಟಪದವರಿಗೆ ವರ್ಷದಲ್ಲಿ ಒಳ್ಳೆಯ ಮುಹೂರ್ತದ ದಿನಗಳೇ ಸಂಪಾದನೆಯ ದಿನಗಳು. ಆಷಾಢದಲ್ಲಂತೂ ಬೀಗ ಹಾಕಿಯೇ ಇರುತ್ತದೆ. ವೈಶಾಖದ ಒಂದು ತಾರೀಖು ಕಳೆದುಕೊಳ್ಳುವುದೆಂದರೆ ಏನೆಂದು ಅವರು ಸಂಸ್ಥೆಯವರಿಗೆ ಬಿಡಿಸಿಯೇ ಹೇಳಿದರು. ನನ್ನನ್ನು ಕರೆದದ್ದು ಆಗ.

ನಾನು ಬಂದ ಮೊದಲ ವಾರದಲ್ಲಿ ಸಲಹೆ ಕೊಟ್ಟದ್ದು ಮೆಮೊರಿ ಹೆಚ್ಚಿಸಿ, ಮಿತಿಯನ್ನು ಇಳಿಸಿ, ಪ್ರತಿ ಕೆಲಸಕ್ಕೂ ‘ಈಗಾಗಲೇ ಆಗಿದೆಯೇ’ ಎಂಬ ಗುರುತನ್ನು ಡೇಟಾಬೇಸಿನಲ್ಲಿಡಿ ಎಂದು. ತಪ್ಪು ಸಲಹೆಯಲ್ಲ, ಆದರೆ ಅರ್ಧದ್ದು. ಕೆಲಸ ಎರಡು ಸಲ ನಡೆಯುವುದು ಮತ್ತು ನಡೆಯದೇ ಹೋಗುವುದು ಎಂಬ ಎರಡು ರೋಗಗಳನ್ನಷ್ಟೇ ನಾನು ನೋಡಿದ್ದೆ. ನಡೆಯಬಾರದ ಕೆಲಸ ನಡೆಯುವುದು ಎಂಬ ಮೂರನೆಯದರ ಕಡೆ ನನ್ನ ಲಕ್ಷ್ಯ ಇರಲಿಲ್ಲ.

ತಿರುವು

ಇನ್ನೊಂದು ಮಂಟಪದಲ್ಲಿ ಮಾಘ ಮಾಸಕ್ಕೆ ಗೊತ್ತಾಗಿದ್ದ ಮದುವೆಯೊಂದು, ಹುಡುಗನ ಮನೆಯಲ್ಲಿ ಹಿರಿಯರು ತೀರಿಕೊಂಡದ್ದರಿಂದ ನಿಂತಿತು. ಸುದ್ದಿ ತಿಳಿದ ಮ್ಯಾನೇಜರ್ ಅಪ್ಲಿಕೇಶನ್ನಿನಲ್ಲಿ ತಾರೀಖು ಬದಲಿಸಿದರು. ಹೊಸ ದಿನ ಇನ್ನೂ ಗೊತ್ತಾಗಿರಲಿಲ್ಲ, ಆದರೆ ಫಾರಂ ತಾರೀಖು ಖಾಲಿ ಬಿಡಲು ಒಪ್ಪದ ಕಾರಣ ಅವರು ದೂರದ ಯಾವುದೋ ಒಂದು ದಿನವನ್ನು ಸುಮ್ಮನೆ ತುಂಬಿಸಿದ್ದರು. ಈ ವಿವರವನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ತಾರೀಖು ಬದಲಾದಾಗ ಹಳೆಯ ಕೆಲಸವನ್ನು ರದ್ದುಪಡಿಸುವ ವ್ಯವಸ್ಥೆ ಅಪ್ಲಿಕೇಶನ್ನಿನಲ್ಲಿ ಇತ್ತು, ಅದು ನಡೆಯಿತು ಕೂಡ. ಆದರೆ ಸೆಲರಿಯಲ್ಲಿ ರದ್ದು ಎಂದರೆ ಸರದಿಯಿಂದ ಕೆಲಸವನ್ನು ತೆಗೆಯುವುದಲ್ಲ. ‘ಈ ಸಂಖ್ಯೆಯ ಕೆಲಸ ಎದುರಾದರೆ ಮಾಡಬೇಡಿ’ ಎಂದು ಎಲ್ಲ ವರ್ಕರ್‌ಗಳಿಗೆ ಸಾರಿ ಹೇಳುವುದು ಮಾತ್ರ. ಅವು ಆ ಪಟ್ಟಿಯನ್ನು ತಮ್ಮ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಫೈಲಿನಲ್ಲಿ ಉಳಿಸಿಕೊಳ್ಳಿ ಎಂದು ಬೇರೆಯಾಗಿ ಹೇಳದಿದ್ದರೆ, ವರ್ಕರ್‌ಗಳೆಲ್ಲ ಮರುಪ್ರಾರಂಭವಾದಾಗ ಪಟ್ಟಿ ಅಳಿದುಹೋಗುತ್ತದೆ. ಎರಡು ದಿನದ ನಂತರ ತಂಡ ಹೊಸ ಆವೃತ್ತಿಯನ್ನು ಏರಿಸಿತು. ವರ್ಕರ್‌ಗಳು ನಿಂತು ಮತ್ತೆ ಎದ್ದವು. ಕೆಲಸಗಳು ರೆಡಿಸ್‌ನಿಂದ ಹಿಂತಿರುಗಿ ಬಂದವು, ರದ್ದಿನ ಪಟ್ಟಿ ಬರಲಿಲ್ಲ.

ಮನೆಯಲ್ಲಿ ಇನ್ನೂ ಕರ್ಮಗಳು ನಡೆಯುತ್ತಿದ್ದ ದಿನಗಳಲ್ಲಿ ಹುಡುಗನ ತಂದೆಗೆ ಸಂದೇಶ ಹೋಯಿತು: ಮದುವೆಗೆ ಇನ್ನು 15 ದಿನಗಳಿವೆ, ಶುಭ ಹಾರೈಕೆಗಳು, ಬಾಕಿ ಹಣವನ್ನು ದಯವಿಟ್ಟು ಪಾವತಿಸಿ. ಅವರು ಸಂಸ್ಥೆಗೆ ಏನನ್ನೂ ಹೇಳಲಿಲ್ಲ. ಮ್ಯಾನೇಜರ್‌ಗೆ ಫೋನ್ ಮಾಡಿ ಸುಮ್ಮನಾದರಂತೆ. ಮರುದಿನ ಮ್ಯಾನೇಜರ್ ತಮ್ಮ ಡೈರಿ ಹಿಡಿದುಕೊಂಡೇ ಕಚೇರಿಗೆ ಬಂದರು. ಆ ತಾರೀಖಿನ ಪುಟವನ್ನು ತೆರೆದು ತೋರಿಸಿದರು: ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು, ಪಕ್ಕದಲ್ಲಿ ‘ಸೂತಕ’ ಎಂಬ ಒಂದೇ ಪದ. ‘ಸಾರ್, ನಾನು ಗೀಟು ಹಾಕಿದ್ದೆ. ನಿಮ್ಮ ಕಂಪ್ಯೂಟರ್‌ಗೆ ಗೀಟು ಹಾಕೋದು ಹೇಗೆ ಅಂತ ಹೇಳಿಕೊಡಿ’ ಎಂದರು.

ಆ ಡೈರಿಯನ್ನು ನೋಡುತ್ತಾ ಕುಳಿತಾಗ ನನಗೆ ಸ್ಪಷ್ಟವಾದದ್ದು ಇಷ್ಟು. ಮ್ಯಾನೇಜರ್ ಯಾರಿಗೂ ಎಂಟು ತಿಂಗಳು ಮುಂಚೆಯೇ ‘ಇಂಥ ದಿನ ಹೀಗೆ ಹೇಳು’ ಎಂದು ಚೀಟಿ ಬರೆದುಕೊಟ್ಟು ಕೂರಿಸುವುದಿಲ್ಲ. ಬೆಳಿಗ್ಗೆ ಬಂದು ಆ ದಿನದ ಪುಟ ತೆರೆಯುತ್ತಾರೆ. ಅಲ್ಲಿ ಏನಿದೆಯೋ ಅದರಂತೆ ನಡೆಯುತ್ತಾರೆ. ಗೀಟು ಹಾಕಿದ್ದರೆ ಮಾಡುವುದಿಲ್ಲ. ನಾವು ಮಾಡುತ್ತಿದ್ದದ್ದು ಚೀಟಿ ಬರೆದುಕೊಟ್ಟು, ಆಮೇಲೆ ಚೀಟಿ ಹಿಡಿದವನನ್ನು ಹುಡುಕಿಕೊಂಡು ಓಡುವ ಕೆಲಸ. ಮಂಟಪದ ಕಾಯ್ದಿರಿಸುವಿಕೆ ಪೋಸ್ಟ್‌ಗ್ರೆಸ್‌ನಲ್ಲಿತ್ತು, ಅದರ ಭವಿಷ್ಯ ಮಾತ್ರ ರೆಡಿಸ್‌ನಲ್ಲಿತ್ತು. ಒಂದು ಬದಲಾದಾಗ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ನಮ್ಮ ಹೊಣೆಯಾಗಿತ್ತು, ಆ ಹೊಣೆಯಲ್ಲಿ ನಾವು ಮೂರು ಬಗೆಯಲ್ಲಿ ಸೋತಿದ್ದೆವು.

ಪರಿಶೀಲಿಸಿ ಬಿಟ್ಟ ದಾರಿಗಳು

ತಂಡದಲ್ಲಿ ಒಂದಿಡೀ ವಾರ ಚರ್ಚೆ ನಡೆಯಿತು. ರೆಡಿಸ್ ಬಿಟ್ಟು ರ್‍ಯಾಬಿಟ್‌ಎಂಕ್ಯೂಗೆ ಹೋಗೋಣ ಎಂಬುದು ಒಂದು ವಾದ; ಅದೂ ಕೆಲಸಗಳ ಸರದಿಯನ್ನು ಇಟ್ಟುಕೊಳ್ಳುವ ತಂತ್ರಾಂಶವೇ. ಅದರ ಈಚಿನ ಆವೃತ್ತಿಗಳಲ್ಲಿ, ಒಯ್ದ ಕೆಲಸಕ್ಕೆ 30 ನಿಮಿಷದೊಳಗೆ ರಸೀದಿ ಕೊಡದಿದ್ದರೆ ಸಂಪರ್ಕದ ಚಾನೆಲ್ ಅನ್ನೇ ಮುಚ್ಚಿ ಕೆಲಸವನ್ನು ಹಿಂದಕ್ಕೆ ಪಡೆಯುವ ಕಟ್ಟಳೆ ಇದೆ. ವರ್ಕರ್‌ನ ಸ್ಮೃತಿಯಲ್ಲಿ ತಿಂಗಳುಗಟ್ಟಲೆ ಕಾಯುವ ನಮ್ಮ ಪದ್ಧತಿ ಅಲ್ಲಿ ಅರ್ಧ ಗಂಟೆಯೂ ಬಾಳುತ್ತಿರಲಿಲ್ಲ. ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಸರದಿ ಸೇವೆಯನ್ನು ಬಳಸೋಣವೆಂದರೆ ಅಲ್ಲಿ ಒಂದು ಸಂದೇಶವನ್ನು ತಡೆದಿಡಬಹುದಾದ ಗರಿಷ್ಠ ಅವಧಿ 15 ನಿಮಿಷ. ಗೂಗಲ್‌ನ ಕ್ಲೌಡ್ ಟಾಸ್ಕ್ಸ್‌ನಲ್ಲಿ 30 ದಿನದವರೆಗೆ ಮುಂದೆ ನಿಗದಿ ಮಾಡಬಹುದು. ನಮ್ಮ ಕಡೆ ಮಂಟಪ ಹಿಡಿಯುವುದು ಆರರಿಂದ ಹತ್ತು ತಿಂಗಳು ಮುಂಚೆ. ಎಲ್ಲವನ್ನೂ ನೋಡ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ವೇದಿಕೆಗೆ ಬದಲಿಸಿ ಸೆಟ್‌ಟೈಮ್‌ಔಟ್ ಎಂಬ, ‘ಇಷ್ಟು ಹೊತ್ತು ಕಾದು ನಡೆಸು’ ಎನ್ನುವ ಆಜ್ಞೆಯನ್ನು ಬಳಸಬಹುದೇ ಎಂದು ಒಬ್ಬರು ಕೇಳಿದರು. ಅದರ ಗರಿಷ್ಠ ಮಿತಿ 2,14,74,83,647 ಮಿಲಿಸೆಕೆಂಡ್, ಅಂದರೆ 24.8 ದಿನ, ಅದಕ್ಕಿಂತ ಹೆಚ್ಚು ಕೊಟ್ಟರೆ ಕಾಯುವುದನ್ನೇ ಬಿಟ್ಟು ತಕ್ಷಣವೇ ನಡೆದುಬಿಡುತ್ತದೆ. ಎಂಟು ತಿಂಗಳ ನಂತರದ ಬಾಕಿಯನ್ನು ಮುಂಗಡ ಕಟ್ಟಿದ ಮರುಗಳಿಗೆಯಲ್ಲೇ ಕೇಳಿದಂತಾಗುತ್ತಿತ್ತು ಎಂದು ನಕ್ಕೆವು.

ಈ ಮಿತಿಗಳನ್ನು ಸಾಲಾಗಿ ಬೋರ್ಡಿನ ಮೇಲೆ ಬರೆದಾಗ ಒಂದು ಸಂಗತಿ ತಾನಾಗಿ ಕಂಡಿತು. 15 ನಿಮಿಷ, 30 ನಿಮಿಷ, 24 ದಿನ, 30 ದಿನ: ಬೇರೆಬೇರೆ ಜನ, ಬೇರೆಬೇರೆ ಕಡೆ ಕಟ್ಟಿದ ಸಾಧನಗಳಾದರೂ ಒಂದೂ ತಿಂಗಳನ್ನು ದಾಟುವುದಿಲ್ಲ. ಸರದಿ ಎಂಬುದು ಈಗ ಮಾಡಬೇಕಾದ ಕೆಲಸಗಳ ಜಾಗ. ಮುಂದಿನ ವರ್ಷದ ಸಂಗತಿಗಳನ್ನು ಅಲ್ಲಿ ಇಡಲು ಹೊರಟವರು ನಾವು.

ಹೊಸ ವ್ಯವಸ್ಥೆ

ಕೊನೆಗೆ ಆರಿಸಿಕೊಂಡದ್ದು ಎಲ್ಲಕ್ಕಿಂತ ಹಳೆಯದಾಗಿ ಕಾಣುವ ದಾರಿಯನ್ನು: ಪೋಸ್ಟ್‌ಗ್ರೆಸ್‌ನಲ್ಲೇ ಒಂದು ಟೇಬಲ್. ಪ್ರತಿ ಸಾಲಿನಲ್ಲಿ ಕೆಲಸದ ಬಗೆ, ಕಾಯ್ದಿರಿಸುವಿಕೆಯ ಸಂಖ್ಯೆ, ನಡೆಯಬೇಕಾದ ಗಳಿಗೆ, ಯಾವ ಗಳಿಗೆಯ ನಂತರ ನಡೆದರೆ ಪ್ರಯೋಜನವಿಲ್ಲ ಎಂಬ ಗಡುವು, ಮತ್ತು ಸ್ಥಿತಿ. ಸಂದೇಶದ ಪಠ್ಯವಾಗಲಿ ಬಾಕಿ ಮೊತ್ತವಾಗಲಿ ಫೋನ್ ಸಂಖ್ಯೆಯಾಗಲಿ ಅದರಲ್ಲಿ ಇಲ್ಲ. ಅವುಗಳನ್ನು ನಡೆಸುವ ಗಳಿಗೆಯಲ್ಲಿ ಮೂಲದಿಂದಲೇ ಓದಬೇಕು. ಸಾಲನ್ನು ಎತ್ತಿಕೊಂಡ ವರ್ಕರ್ ಮಾಡುವ ಮೊದಲ ಕೆಲಸ ಕಾಯ್ದಿರಿಸುವಿಕೆ ಇನ್ನೂ ಜೀವಂತವಾಗಿದೆಯೇ, ತಾರೀಖು ಅದೇ ಇದೆಯೇ, ಬಾಕಿ ನಿಜವಾಗಿಯೂ ಉಳಿದಿದೆಯೇ ಎಂದು ನೋಡುವುದು. ಯಾವುದಾದರೂ ಒಂದು ಇಲ್ಲವಾದರೆ ಸಾಲನ್ನು ‘ಬೇಕಾಗಿಲ್ಲ’ ಎಂದು ಗುರುತಿಸಿ ಸುಮ್ಮನಾಗುತ್ತದೆ. ಇದರಿಂದ ರದ್ದುಪಡಿಸಲು ಮರೆತರೂ ಕೇಡಿಲ್ಲ.

ಟೇಬಲ್ಲು ಅದೇ ಡೇಟಾಬೇಸಿನಲ್ಲಿ ಇರುವುದರ ಇನ್ನೊಂದು ಲಾಭವನ್ನು ನಾವು ಮೊದಲು ಎಣಿಸಿರಲಿಲ್ಲ. ಹಿಂದೆ ಕಾಯ್ದಿರಿಸುವಿಕೆಯ ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಡೇಟಾಬೇಸ್ ಬರವಣಿಗೆ, ಮುಗಿಯುವ ಮೊದಲೇ ಕೆಲಸ ಸರದಿಗೆ ಹೋಗುತ್ತಿತ್ತು. ಹಣ ಪಾವತಿ ವಿಫಲವಾಗಿ ಟ್ರಾನ್ಸಾಕ್ಷನ್ ಹಿಂದೆ ಸರಿದರೂ ಸರದಿಯಲ್ಲಿ ಕೆಲಸ ಉಳಿದುಬಿಡುತ್ತಿತ್ತು. ಜ್ಯಾಂಗೋದಲ್ಲಿ ಟ್ರಾನ್ಸಾಕ್ಷನ್ ಕಮಿಟ್ ಆದ, ಅಂದರೆ ಖಾಯಂ ಆದ ಮೇಲೆ ಮಾತ್ರ ನಡೆಯುವಂತೆ ಮಾಡುವ ಸೌಲಭ್ಯ ಇದೆ, ಆದರೆ ಕಮಿಟ್ ಆಗಿ ರೆಡಿಸ್‌ಗೆ ತಲುಪುವ ನಡುವೆ ಸರ್ವರ್ ಬಿದ್ದರೆ ಅಲ್ಲೂ ಒಂದು ಸಂದು ಉಳಿಯುತ್ತದೆ. ಈಗ ಎರಡೂ ಒಟ್ಟಿಗೆ ಬರೆಯಲ್ಪಡುತ್ತವೆ ಅಥವಾ ಎರಡೂ ಇಲ್ಲ.

ಅರ್ಧ ನಿಮಿಷಕ್ಕೊಮ್ಮೆ ಒಂದು ಪ್ರೋಗ್ರಾಂ ಗಳಿಗೆ ಬಂದ ಸಾಲುಗಳನ್ನು ಎತ್ತಿಕೊಳ್ಳುತ್ತದೆ. ಎರಡು ಸರ್ವರ್‌ಗಳು ಒಂದೇ ಸಾಲನ್ನು ಎತ್ತಿಕೊಳ್ಳದಂತೆ ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಎಂಬ ಸೌಲಭ್ಯವನ್ನು ಬಳಸಿದೆವು. ಇನ್ನೊಬ್ಬರು ಹಿಡಿದಿರುವ ಸಾಲಿಗಾಗಿ ಕಾಯದೆ ಅದನ್ನು ದಾಟಿ ಮುಂದಿನದನ್ನು ಎತ್ತಿಕೊಳ್ಳುವ ಈ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ 9.5ನೆಯ ಆವೃತ್ತಿಯಲ್ಲಿ, 2016ರಲ್ಲಿ ಬಂದದ್ದು. ಇನ್ನೂ ನಡೆಯದ ಸಾಲುಗಳಿಗೆ ಮಾತ್ರ ಇಂಡೆಕ್ಸ್, ಅಂದರೆ ಹುಡುಕಲು ನೆರವಾಗುವ ಸೂಚಿ, ಇಟ್ಟದ್ದರಿಂದ, ಮುಗಿದ ಸಾಲುಗಳು ಎಷ್ಟೇ ಬೆಳೆದರೂ ಹುಡುಕಾಟ ನಿಧಾನವಾಗಲಿಲ್ಲ. ಸೆಲರಿಯನ್ನು ತೆಗೆದುಹಾಕಲಿಲ್ಲ, ಗಳಿಗೆ ಬಂದ ಕೆಲಸವನ್ನು ‘ಈಗಲೇ ಮಾಡು’ ಎಂದು ಅದಕ್ಕೇ ಒಪ್ಪಿಸುತ್ತೇವೆ. ಅದು ಅದರಲ್ಲಿ ನಿಪುಣ.

ಎಷ್ಟೇ ಜಾಗರೂಕತೆ ವಹಿಸಿದರೂ ಒಂದು ಬಿರುಕು ಮುಚ್ಚುವುದಿಲ್ಲ. ಗೇಟ್‌ವೇಗೆ ಸಂದೇಶ ಕೊಟ್ಟು, ಡೇಟಾಬೇಸಿನಲ್ಲಿ ‘ಆಯಿತು’ ಎಂದು ಬರೆಯುವ ಮುನ್ನ ವರ್ಕರ್ ಸತ್ತರೆ, ಸಂದೇಶ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಮೊದಲೇ ‘ಆಯಿತು’ ಎಂದು ಬರೆದರೆ ಹೋಗದೇ ಉಳಿಯಬಹುದು. ಆಮೇಲೆ ಬರೆದರೆ ಎರಡು ಸಲ ಹೋಗಬಹುದು. ಯಾವುದನ್ನು ಸಹಿಸಿಕೊಳ್ಳಬೇಕು ಎಂಬುದಕ್ಕೆ ತಾಂತ್ರಿಕ ಉತ್ತರವಿಲ್ಲ, ಆದ್ದರಿಂದ ಅದನ್ನು ಮಂಟಪದವರನ್ನೇ ಕೇಳಿದೆವು. ಹಣ ಕೇಳುವ ಸಂದೇಶ ಎರಡು ಸಲ ಹೋಗುವುದಕ್ಕಿಂತ ಒಮ್ಮೆ ಹೋಗದಿರುವುದೇ ಲೇಸು, ನಾವೇ ಫೋನ್ ಮಾಡುತ್ತೇವೆ ಎಂದರು. ಡೀಸೆಲ್ ಮತ್ತು ಬೀಗದ ಕೈ ವಿಷಯ ನಮಗೆ ಹತ್ತು ಸಲ ಬೇಕಾದರೂ ಬರಲಿ, ತಪ್ಪಬಾರದು ಎಂದರು. ಕೆಲಸದ ಬಗೆಗೆ ತಕ್ಕಂತೆ ಎರಡು ನೀತಿಗಳನ್ನು ಇಟ್ಟೆವು.

ಕೆಲಸವೇ ಬೇಕಿಲ್ಲದ ಕಡೆ

48 ಗಂಟೆಯ ಬಿಡುಗಡೆಯನ್ನು ಹೊಸ ಟೇಬಲ್ಲಿಗೆ ತರಲು ಕುಳಿತಾಗ ಕಿರಿಯ ಸದಸ್ಯೆ ಮತ್ತೊಂದು ಪ್ರಶ್ನೆ ಕೇಳಿದರು: ಇದಕ್ಕೆ ಕೆಲಸವಾದರೂ ಯಾಕೆ ಬೇಕು? ತಾರೀಖನ್ನು ಎಲ್ಲಿಯವರೆಗೆ ಹಿಡಿಯಲಾಗಿದೆ ಎಂಬ ಗಳಿಗೆ ಕಾಯ್ದಿರಿಸುವಿಕೆಯ ಸಾಲಿನಲ್ಲೇ ಇದೆ. ಮುಂಗಡವಿಲ್ಲದ, ಆ ಗಳಿಗೆ ಕಳೆದುಹೋದ ಹಿಡಿತವನ್ನು ಖಾಲಿ ಎಂದೇ ಓದಿದರೆ ಸಾಕು. ಬೇರೆಯವರು ಅದೇ ತಾರೀಖನ್ನು ಹಿಡಿಯಲು ಬಂದಾಗ, ಅದೇ ಟ್ರಾನ್ಸಾಕ್ಷನ್ನಿನಲ್ಲಿ ಹಳೆಯದನ್ನು ‘ಮುಗಿದಿದೆ’ ಎಂದು ಬದಲಿಸಿ ಹೊಸದನ್ನು ಬರೆದರಾಯಿತು. ಯಾವ ವರ್ಕರ್ ಸತ್ತರೂ, ಇಡೀ ಸರದಿಯೇ ಮುಳುಗಿದರೂ, 48 ಗಂಟೆ 1 ಸೆಕೆಂಡಿಗೆ ತಾರೀಖು ಖಾಲಿಯಾಗಿಯೇ ಇರುತ್ತದೆ. ವೈಶಾಖದ ಆ ತಾರೀಖನ್ನು ಕಳೆದುಕೊಂಡದ್ದು ಬೇಕಿಲ್ಲದ ಒಂದು ಕೆಲಸ ನಡೆಯದೇ ಹೋದದ್ದರಿಂದ ಎಂದು ಅರಿವಾದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ನಿಮ್ಮ ಹಿಡಿತ ಮುಗಿಯಿತು’ ಎಂದು ತಿಳಿಸುವ ಸಂದೇಶಕ್ಕೆ ಮಾತ್ರ ಟೇಬಲ್ಲಿನಲ್ಲಿ ಸಾಲು ಉಳಿಯಿತು. ಅದು ತಡವಾದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಹಳೆಯ ಕೆಲಸಗಳನ್ನು ರೆಡಿಸ್‌ನಿಂದ ಸ್ಥಳಾಂತರಿಸಲಿಲ್ಲ. ಜೀವಂತವಿರುವ ಕಾಯ್ದಿರಿಸುವಿಕೆಗಳನ್ನೆಲ್ಲ ಓದಿ, ಅವುಗಳಿಂದಲೇ ಸಾಲುಗಳನ್ನು ಹೊಸದಾಗಿ ಹುಟ್ಟಿಸಿದೆವು. ಎರಡು ವಾರ ಹೊಸ ವ್ಯವಸ್ಥೆ ಏನನ್ನೂ ಕಳುಹಿಸದೆ, ತಾನಾಗಿದ್ದರೆ ಯಾವಾಗ ಏನನ್ನು ಕಳುಹಿಸುತ್ತಿದ್ದೆ ಎಂದು ಬರೆದಿಡುತ್ತಾ ಹೋಯಿತು. ಹಳೆಯದರೊಂದಿಗೆ ಅದನ್ನು ಹೋಲಿಸುವಾಗ ಮತ್ತೊಂದು ತಪ್ಪು ಸಿಕ್ಕಿತು, ಈ ಸಲ ನಮ್ಮದೇ ಹೊಸ ಕೋಡ್‌ನಲ್ಲೂ ಇದ್ದದ್ದು.

ಸರ್ವರ್ ಯುಟಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ ನಡೆಯುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮುಹೂರ್ತದ ಗಳಿಗೆಯಿಂದ ತಾರೀಖನ್ನು ಬಿಡಿಸಿಕೊಂಡು ‘ಹಿಂದಿನ ದಿನ’ ಎಂದು ಲೆಕ್ಕ ಹಾಕುತ್ತಿದ್ದ ಸಾಲು, ತಾರೀಖನ್ನು ಯುಟಿಸಿಯಲ್ಲೇ ಬಿಡಿಸಿಕೊಳ್ಳುತ್ತಿತ್ತು. 12ನೆಯ ತಾರೀಖು ಬೆಳಗಿನ ಜಾವ 5:15ರ ಮುಹೂರ್ತ ಯುಟಿಸಿಯಲ್ಲಿ 11ರ ರಾತ್ರಿ 11:45. ಹಾಗಾಗಿ ‘ನಾಳೆ ನಿಮ್ಮ ಮಂಟಪದಲ್ಲಿ ಮದುವೆ ಇದೆ’ ಎಂಬ ಸಂದೇಶ 11ರ ಬದಲು 10ರಂದೇ ಹೋಗುತ್ತಿತ್ತು. ಬೆಳಿಗ್ಗೆ 5:30ರ ನಂತರದ ಮುಹೂರ್ತಗಳಿಗೆ ಈ ತೊಂದರೆಯೇ ಇಲ್ಲ. ಬ್ರಾಹ್ಮೀ ಮುಹೂರ್ತದ ಮದುವೆಗಳಿಗೆ ಮಾತ್ರ. ಒಂದು ಮಂಟಪದ ಮ್ಯಾನೇಜರ್ ಒಮ್ಮೆ ಒಂದು ದಿನ ಮೊದಲೇ ನೆಲ ತೊಳೆಸಿ, ಮತ್ತೆ ಮರುದಿನ ತೊಳೆಸಿದ್ದಾಗಿ ಆಮೇಲೆ ತಿಳಿಯಿತು. ತಮ್ಮದೇ ಗಡಿಬಿಡಿ ಎಂದುಕೊಂಡು ದೂರು ಕೊಟ್ಟಿರಲಿಲ್ಲ. ಗಳಿಗೆಯನ್ನು ಉಳಿಸುವುದು ಯುಟಿಸಿಯಲ್ಲೇ ಇರಲಿ, ಆದರೆ ‘ಹಿಂದಿನ ದಿನ’, ‘15 ದಿನ ಮುಂಚೆ’, ‘ಬೆಳಿಗ್ಗೆ 8’ ಎಂಬ ಲೆಕ್ಕಗಳೆಲ್ಲ ಭಾರತದ ಸಮಯದಲ್ಲೇ ನಡೆಯಲಿ ಎಂದು ಬದಲಿಸಿದೆವು.

ಆಮೇಲೆ ನಡೆದದ್ದು

ಹೊಸ ವ್ಯವಸ್ಥೆ ಬಂದ ಮೇಲೆ ಹಿಂದಿನ ಮೂರು ಅವಘಡಗಳಲ್ಲಿ ಯಾವುದೂ ಮರುಕಳಿಸಲಿಲ್ಲ. ಹೊಸದೊಂದು ಆಯಿತು. ಒಂದು ರಾತ್ರಿ ಡಿಸ್ಕ್ ತುಂಬಿ, ಸಾಲುಗಳನ್ನು ಎತ್ತಿಕೊಳ್ಳುವ ಪ್ರೋಗ್ರಾಂ ನಿಂತುಹೋಯಿತು. ಮಧ್ಯಾಹ್ನದವರೆಗೂ ಯಾರಿಗೂ ಗೊತ್ತಾಗಲಿಲ್ಲ. ಏನೂ ನಡೆಯದಿರುವುದು ದೋಷವಾಗಿ ಎಲ್ಲೂ ದಾಖಲಾಗುವುದಿಲ್ಲ. ಮತ್ತೆ ಎದ್ದಾಗ ಬಾಕಿ ಬಿದ್ದ ಸಾಲುಗಳೆಲ್ಲ ಒಟ್ಟಿಗೆ ಹೊರಟವು, ಗೇಟ್‌ವೇ ಅಷ್ಟನ್ನು ಒಮ್ಮೆಗೇ ಸ್ವೀಕರಿಸಲು ನಿರಾಕರಿಸಿತು. ಗಡುವು ಎಂಬ ಕಾಲಂ ಇದ್ದದ್ದರಿಂದ ಮುಹೂರ್ತ ಕಳೆದ ಮೇಲೆ ‘ನಾಳೆ ಮದುವೆ’ ಎಂದು ಹೇಳುವ ಅಪಹಾಸ್ಯ ಮಾತ್ರ ತಪ್ಪಿತು. ಆ ಸಾಲುಗಳು ‘ಗಡುವು ಮೀರಿದೆ’ ಎಂದು ಮ್ಯಾನೇಜರ್ ನೋಡುವ ಪಟ್ಟಿಗೆ ಹೋದವು. ಅಂದಿನಿಂದ ಬೇರೆ ಸರ್ವರ್‌ನಲ್ಲಿರುವ ಒಂದು ಪುಟ್ಟ ಪ್ರೋಗ್ರಾಂ ಒಂದೇ ಪ್ರಶ್ನೆ ಕೇಳುತ್ತಿರುತ್ತದೆ: ಗಳಿಗೆ ಬಂದೂ ನಡೆಯದ ಸಾಲುಗಳಲ್ಲಿ ಅತ್ಯಂತ ಹಳೆಯದು ಎಷ್ಟು ಹಳೆಯದು? ಉತ್ತರ 10 ನಿಮಿಷ ದಾಟಿದರೆ ಇಬ್ಬರ ಫೋನ್ ರಿಂಗಣಿಸುತ್ತದೆ. ವರ್ಕರ್ ಎದ್ದಿದೆಯೇ, ಮೆಮೊರಿ ಎಷ್ಟಿದೆ ಎಂಬ ಹಸಿರು ದೀಪಗಳಿಗಿಂತ ಈ ಒಂದು ಸಂಖ್ಯೆ ನನಗೆ ಹೆಚ್ಚು ನಂಬಿಕೆಯದ್ದಾಗಿ ಕಂಡಿದೆ.

ಉಳಿದದ್ದು ಫಾರಂನ ವಿಷಯ. ಮದುವೆ ನಿಂತ ಮನೆಯವರಿಗಾಗಿ ಮ್ಯಾನೇಜರ್ ಸುಮ್ಮನೆ ತುಂಬಿಸಿದ್ದ ಆ ದೂರದ ತಾರೀಖು, ಬೇರೊಬ್ಬರು ಅದೇ ದಿನ ಕೇಳಿಕೊಂಡು ಬಂದಾಗ ‘ಹಿಡಿದಿದೆ’ ಎಂದು ತೋರಿಸಿತು. ಆಗ ಅದನ್ನು ಸರಿಪಡಿಸದೆ ವಿಧಿಯಿರಲಿಲ್ಲ. ತಾರೀಖು ಖಾಲಿ ಇರಬಹುದಾದ ಕಾಯ್ದಿರಿಸುವಿಕೆಯನ್ನೂ, ಗಳಿಗೆ ಖಾಲಿ ಇರಬಹುದಾದ ಸಾಲನ್ನೂ ಒಪ್ಪಿಕೊಳ್ಳುವಂತೆ ಬದಲಿಸಿ, ಮ್ಯಾನೇಜರ್‌ಗಳ ಪರದೆಯಲ್ಲಿ ‘ತಡೆಹಿಡಿ’ ಎಂಬ ಗುಂಡಿಯನ್ನು ಇಟ್ಟೆವು. ಡೈರಿ ಹಿಡಿದು ಬಂದಿದ್ದ ಅದೇ ಮ್ಯಾನೇಜರ್ ಅದರ ಬಣ್ಣ ಕೆಂಪಾಗಿರಲಿ ಎಂದರು, ಹಾಗೆಯೇ ಮಾಡಿದೆವು. ಕಳೆದ ಸಲ ನಾನು ಟೇಬಲ್ಲನ್ನು ನೋಡಿದಾಗ ಅದರಲ್ಲಿ ಅಂಥ ನಾಲ್ಕು ಸಾಲುಗಳಿದ್ದವು: ಮುಂಗಡ ಬಂದಿದೆ, ಗಳಿಗೆಯ ಜಾಗ ಖಾಲಿ ಇದೆ, ಕಾರಣದ ಜಾಗದಲ್ಲಿ ಮೂರರಲ್ಲಿ ‘ಸೂತಕ’ ಎಂದೂ ಒಂದರಲ್ಲಿ ‘ಮನೆಯವರು ತಿಳಿಸುತ್ತಾರೆ’ ಎಂದೂ ಬರೆದಿತ್ತು.